ಮೂರನೇ ಮಹಡಿಯ ತಾಳ

ಅಪ್ಪನ ಬಲಗಾಲಿನ ಬೂಟಿನ ಅಟ್ಟೆಯ ಅಂಚಿಗೆ ಇವಳು ಕಪ್ಪು ಬಣ್ಣ ಬಳಿಯುತ್ತಿದ್ದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಕೂದಲು ಕತ್ತರಿಸಿ ಮೊಂಡು ಮಾಡಿಕೊಂಡಿದ್ದಳು. ಅದನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಹಿಮ್ಮಡಿಯಿಂದ ತುದಿಯವರೆಗೆ ಒಂದೇ ಎಳೆತ. ಎಡಗಾಲಿನ ಬೂಟು ಊರಿನವರೆಲ್ಲರ ಬೂಟಿನಂತೆಯೇ ಇತ್ತು. ಬಲಗಾಲಿನದಕ್ಕೆ ಮಾತ್ರ ಅಟ್ಟೆಯ ಕೆಳಗೆ ಎರಡು ಬೆರಳು ದಪ್ಪದ ಇನ್ನೊಂದು ಅಟ್ಟೆ. ಆ ಸೇರಿಸಿದ ಪದರ ಕಂದು ಬಣ್ಣದ್ದು. ವಾರವಿಡೀ ನಡೆದರೆ ಕಪ್ಪು ಸವೆದು ಕಂದು ಇಣುಕುತ್ತಿತ್ತು. ಅದು ಇಣುಕಬಾರದು, ಅಷ್ಟೇ ಕೆಲಸ.

ಅಪ್ಪ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. ಅಮ್ಮ ಅವನ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. ಯಾರೂ ಇವಳ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆಂದೇ ಅವರಿಬ್ಬರಿಗೂ ಆ ಹೊತ್ತಿಗೆ ಸರಿಯಾಗಿ ಏನಾದರೊಂದು ಕೆಲಸ ಒದಗಿಬರುತ್ತಿತ್ತು.

ಈ ಮನೆಯಲ್ಲಿ ಅಪ್ಪನ ಕಾಲಿನ ಮಾತು ಯಾವತ್ತೂ ಬಂದದ್ದಿಲ್ಲ. ಯಾರೋ ಬೇಡವೆಂದು ಹೇಳಿದ್ದಕ್ಕಲ್ಲ. ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆಯೆಂದು ಯಾರೂ ಹೇಳಿಕೊಡದೆ ಗೊತ್ತಿರುತ್ತದಲ್ಲ, ಹಾಗೆ. ಮಂಚದ ಒಂದು ಕಾಲು ಸವೆದಾಗಲೂ ಅಮ್ಮ ‘ಮಂಚ ಕುಂಟುತ್ತೆ’ ಎನ್ನಲಿಲ್ಲ. “ಮಂಚ ಅಲ್ಲಾಡ್ತಿದೆ, ಕೆಳಗೊಂದು ರಟ್ಟು ಇಡು” ಎಂದಳು. ಬೂಟಿಗೆ ಬಣ್ಣ ಬಳಿಯುತ್ತಿದ್ದವಳು ಮೊದಲು ಅಮ್ಮನೇ. ಇವಳು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ವರ್ಷ, ಒಂದು ಬೆಳಿಗ್ಗೆ ಬ್ರಷ್ಷನ್ನು ಇವಳ ಕೈಗಿಟ್ಟು ಒಳಗೆ ಹೋಗಿಬಿಟ್ಟಳು. ಶಾಲೆ ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ಇವಳ ಗಂಟಲು ಕಟ್ಟುತ್ತಿತ್ತು. ಈಗ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುತ್ತಾಳೆ. ಗುಂಡಿಗಳ ಹತ್ತಿರ ಮಾತಾಡಬೇಕಾಗಿಲ್ಲ.

ಅವತ್ತು ಅಂಗಡಿಗೆ ರಜೆ. ಅಪ್ಪ ಬೂಟು ಕಟ್ಟಿಕೊಂಡು, ಸೊಂಟದ ಪಟ್ಟಿಗೆ ಮೀಟರ್ ಪೆಟ್ಟಿಗೆಗಳ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಹೊರಟ. ಮನೆ ಮನೆಯ ಕರೆಂಟು ಮೀಟರ್ ಓದಿ ಬರೆದುಕೊಳ್ಳುವುದು ಅವನ ಕೆಲಸ. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತಾನೋ ಲೆಕ್ಕವಿಟ್ಟವರಿಲ್ಲ. ಅವನು ಇಳಿದುಹೋದ ಮೇಲೆ ಅಣ್ಣ ಕೋಣೆಯಿಂದ ಡ್ರಮ್ಮಿನ ಕೋಲುಗಳನ್ನು ಹಿಡಿದು ಬಂದ.

“ಬರ್ತೀಯೇನೇ? ಇವತ್ತು ರೆಕಾರ್ಡಿಂಗು. ಚಹಾದ ಫ್ಲಾಸ್ಕ್ ಹೊರೋಕೆ ಒಂದು ಆಳು ಬೇಕು.”

“ಆಳಿಗೆ ಏನು ಕೊಡ್ತೀಯ?” ಅಮ್ಮ ಒಳಗಿನಿಂದ ಕೇಳಿದಳು.

“ಆಳು ದೊಡ್ಡ ಮನುಷ್ಯಳಾಗ್ತಾಳೆ ಕಣಮ್ಮಾ. ನಾಳೆ ನಾವು ಹೆಸರು ಮಾಡಿದಾಗ, ಇವಳ ಕೈಯಿಂದಾನೇ ಚಹಾ ಕುಡೀತಿದ್ರು ಅಂತ ಜನ ಹೇಳ್ತಾರೆ.”

“ಮೊದ್ಲು ಕೆಳಗಡೆ ಮನೆಯವರು ಹೇಳೋದು ಕೇಳು. ನಿನ್ನ ಸದ್ದಿಗೆ ಅವರ ಮಗು ನಿದ್ದೆ ಮಾಡಲ್ವಂತೆ.”

ಅಣ್ಣನ ಬ್ಯಾಂಡಿಗೆ ‘ತಗಡು’ ಎಂದು ಹೆಸರು ಬಂದದ್ದೂ ಆ ಕೆಳಗಿನ ಮನೆಯವರ ಬಾಯಿಂದಲೇ. ಬೈದದ್ದನ್ನೇ ಹುಡುಗರು ಹೆಸರಾಗಿ ಇಟ್ಟುಕೊಂಡಿದ್ದರು. ಒಟ್ಟು ನಾಲ್ಕು ಜನ. ಹಾಡುವವನು ಉದ್ದನೆಯ ಕಾಲಿನ ಕೊಕ್ಕರೆ. ಗಿಟಾರಿನವನು ಕನ್ನಡಕ. ಬೇಸ್ ಹಿಡಿಯುವವನು ಗುಂಡ. ಡ್ರಮ್ಮಿಗೆ ಅಣ್ಣ. ಬಂದರೂ ಹೋದರೂ ಸದ್ದಾಗದ ಇವಳನ್ನು ಅವರೆಲ್ಲ ಇಲಿಮರಿ ಎನ್ನುತ್ತಿದ್ದರು.

ಸ್ಟುಡಿಯೋ ಒಂದು ಮುದ್ರಣಾಲಯದ ಮೇಲಿತ್ತು. ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು. ಬಾಗಿಲು ಮುಚ್ಚಿದರೆ ಕಿವಿಗೆ ಹತ್ತಿ ತುರುಕಿದಂತಾಗುತ್ತಿತ್ತು. ಇವಳು ಮೂಲೆಯಲ್ಲಿ ಡ್ರಮ್ಮಿನ ಖಾಲಿ ಪೆಟ್ಟಿಗೆಯ ಮೇಲೆ ಫ್ಲಾಸ್ಕ್ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಎರಡು ಹಾಡು ಮುಗಿದವು. ಮೂರನೆಯದು ಕೊಕ್ಕರೆಯೇ ಬರೆದದ್ದು. ಮೇಲಿನ ಮನೆಯ ಹುಡುಗಿಗಾಗಿ ಮೆಟ್ಟಿಲು ಹತ್ತಿಹೋಗುವವನ ಹಾಡು. ಅದು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಒಂದಲ್ಲ ಎರಡಲ್ಲ, ಹನ್ನೊಂದು ಸಲ ನುಡಿಸಿದರು.

ರೆಕಾರ್ಡಿಂಗ್‌ನವನು ವಯಸ್ಸಾದ, ತಾಳ್ಮೆಯ ಮನುಷ್ಯ. ಗಾಜಿನ ಆಚೆಯಿಂದ ಎದ್ದು ಬಂದ.

“ನೋಡ್ರಪ್ಪಾ, ಮಾತು ಚೆನ್ನಾಗಿದೆ, ಧಾಟಿ ಚೆನ್ನಾಗಿದೆ. ಆದ್ರೆ ಹಾಡು ನಡೀತಾ ಇಲ್ಲ. ಮೊದಲನೇ ಮೆಟ್ಟಿಲ ಮೇಲೇ ಕೂತುಬಿಟ್ಟಿದೆ.”

“ಎಬ್ಬಿಸೋದು ಹೇಗೆ ಸಾರ್?” ಎಂದ ಗುಂಡ, ಕುರ್ಚಿಯಲ್ಲಿ ಒರಗಿಕೊಂಡೇ.

“ಮೊದ್ಲು ನೀನು ಎದ್ದು ನಿಂತ್ಕೊ.”

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ತಾಳ ಅವನದಲ್ಲವೇ, ತಪ್ಪೂ ಅವನದೇ. ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ. ಅವನನ್ನು ಹಾಗೆ ನೋಡುವುದು ಇವಳಿಗೆ ಆಗಲಿಲ್ಲ. ಅವನನ್ನು ನಗಿಸಬೇಕು ಎನ್ನಿಸಿತು, ಬೇರೇನೂ ಇಲ್ಲ.

ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದು ಆಟವಿತ್ತು. ಓದುವ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕುಣಿಯುವಾಗ ಒಬ್ಬರ ಕಿವಿ ಮೆಟ್ಟಿಲ ಮೇಲಿರಬೇಕು. ಮೂರನೇ ಮಹಡಿಯ ಮನೆಗೆ ಅಪ್ಪ ಬರುವುದು ಮೊದಲನೇ ಮಹಡಿಯಿಂದಲೇ ಕೇಳುತ್ತಿತ್ತು. ಎಡಗಾಲು ಧಪ್ ಎಂದು ಬೀಳುವುದು. ಬಲಗಾಲು ಸರ್ ಎಂದು ಅಂಚಿಗೆ ಉಜ್ಜುತ್ತ ಮೇಲೇರುವುದು. ಏರಲು ಮೈ ಓಲಿದಾಗ ಸೊಂಟದ ಬೀಗದ ಕೈಗಳು ಮೆಟ್ಟಿಲ ಬದಿಯ ಕಬ್ಬಿಣದ ಕಟಾಂಜನಕ್ಕೆ ತಾಗಿ ಝಣ್. ಧಪ್, ಸರ್, ಝಣ್. ಕೇಳಿಸಿಕೊಂಡವರು ಬಾಯಿ ಬಿಡದೆ ಅದನ್ನೇ ಮೇಜಿನ ಮೇಲೆ ಬಾರಿಸಿದರೆ ಸಾಕು, ಇನ್ನೊಬ್ಬರು ರೇಡಿಯೋ ಆರಿಸಿ ಪುಸ್ತಕ ತೆರೆಯುತ್ತಿದ್ದರು.

ಇವಳು ತಾನು ಕೂತ ಪೆಟ್ಟಿಗೆಯನ್ನು ಗೆಣ್ಣಿನಿಂದ ಕುಟ್ಟಿದಳು. ಉಗುರಿನಿಂದ ಕೆರೆದಳು. ಚಮಚವನ್ನು ಫ್ಲಾಸ್ಕಿಗೆ ತಾಗಿಸಿದಳು. ಧಪ್, ಸರ್, ಝಣ್.

ಅಣ್ಣ ತಟ್ಟನೆ ತಲೆಯೆತ್ತಿದ. ಚಿಕ್ಕ ಹುಡುಗನಂತೆ ಮುಖವರಳಿಸಿ ನಕ್ಕ. ಆಮೇಲೆ ನಗು ನಿಲ್ಲಿಸಿ, “ಇನ್ನೊಂದ್ಸಲ” ಎಂದ.

ಇವಳು ಇನ್ನೊಂದು ಸಲ ಬಾರಿಸಿದಳು. ಅಣ್ಣ ಕೋಲು ಎತ್ತಿಕೊಂಡು ಜೊತೆಗೂಡಿದ. ಗುಂಡ ಎದ್ದು ನಿಂತ, ಈ ಸಲ ಯಾರೂ ಹೇಳದೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಆ ಕೋಣೆಯಲ್ಲಿ ಯಾರೋ ಮೆಟ್ಟಿಲು ಹತ್ತುತ್ತಿದ್ದರು.

“ಏಯ್ ಇಲಿಮರಿ!” ಕೊಕ್ಕರೆ ಇವಳ ಎದುರು ಬಂದು ಮೊಣಕಾಲೂರಿ ಕೂತ. “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಎಲ್ಲಿಂದ ಬಂತು?”

ನಾಲ್ಕು ಗಂಡಸರು ಕೆಲಸ ಬಿಟ್ಟು ಇವಳ ಬಾಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಹಾಗೆ ಯಾರೂ ನೋಡಿರಲಿಲ್ಲ. ಇವಳು ಅಣ್ಣನ ಕಡೆ ತಿರುಗಿದಳು. ಅಣ್ಣ ಬಗ್ಗಿ ಡ್ರಮ್ಮಿನ ತಿರುಪು ಬಿಗಿ ಮಾಡುತ್ತಿದ್ದ. ಅದು ಬಿಗಿಯಾಗಿಯೇ ಇತ್ತು.

ಇದು ಬೇಡ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಬೇಕಾದರೆ, ಮನೆಯಲ್ಲಿ ಇಪ್ಪತ್ತು ವರ್ಷ ಯಾರೂ ಬಾಯಿ ಬಿಡದ ಮಾತನ್ನು ಹೊರಗಿನವರ ಮುಂದೆ ಬಾಯಿ ಬಿಡಬೇಕು.

“ಹಾಗೇ ಬಂತು” ಎಂದಳು.

“ಹಾಗೇ ಬಂತಂತೆ!” ಕನ್ನಡಕ ಹಣೆ ಚಚ್ಚಿಕೊಂಡ. “ನಮಗೆ ಹನ್ನೊಂದು ಸಲ ಬರದೇ ಇದ್ದದ್ದು ಇವಳಿಗೆ ಹಾಗೇ ಬಂತಂತೆ.”

ರೆಕಾರ್ಡಿಂಗ್‌ನವನಿಗೆ ಆ ಝಣ್ ಎಂಬ ಸದ್ದು ಬಹಳ ಹಿಡಿಸಿತು. ಫ್ಲಾಸ್ಕಿನ ಸದ್ದು ತೆಳು, ಕಬ್ಬಿಣವೇ ಆಗಬೇಕು ಎಂದು ಹಟ ಹಿಡಿದ. ಕಂಬಳಿ ಹೊಡೆದ ಕೋಣೆಯಲ್ಲಿ ಅದು ಅನುರಣಿಸುವುದಿಲ್ಲವೆಂದು ಮೈಕನ್ನು ಹೊರಗಿನ ಮೆಟ್ಟಿಲಿಗೆ ಎಳೆಸಿ, ಕೆಳಗೆ ಮುದ್ರಣಾಲಯದವರನ್ನು ಕಾಡಿಬೇಡಿ ಯಂತ್ರ ನಿಲ್ಲಿಸಿದ. ತನ್ನ ಜೇಬಿನ ಬೀಗದ ಕೈ ಗೊಂಚಲನ್ನು ಇವಳ ಕೈಗಿತ್ತ.

“ನೀನೇ ಹೊಡಿಯಮ್ಮಾ. ನಿನ್ನ ಕೈಗೆ ಗೊತ್ತಿದೆ ಅದು ಎಲ್ಲಿ ಬೀಳಬೇಕು ಅಂತ.”

ಇವಳ ಕೈಗೆ ಗೊತ್ತಿತ್ತು. ಕಟಾಂಜನಕ್ಕೆ ಬೀಗದ ಕೈ ತಾಗಿಸಿದಳು, ಒಂದೂ ತಪ್ಪದೆ, ಮೂರೂವರೆ ನಿಮಿಷ. ಮುಗಿದಾಗ ರೆಕಾರ್ಡಿಂಗ್‌ನವನು ಒಳಗಿನಿಂದ ಚಪ್ಪಾಳೆ ತಟ್ಟಿದ. ಇವಳ ಕಿವಿ ಬಿಸಿಯಾಯಿತು. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇವಳ ಕಾಲು ನೆಲದ ಮೇಲಿರಲಿಲ್ಲ. ಮುಂದೆ ಎಷ್ಟೋ ದಿನ ಇವಳನ್ನು ಚುಚ್ಚಿದ್ದು ಅದೇ, ಆ ಸಂತೋಷ. ತಿಳಿಯದೆ ಮಾಡಿದೆ ಎಂದುಕೊಳ್ಳಲು ಹೋದಾಗಲೆಲ್ಲ ಅದು ಅಡ್ಡ ಬರುತ್ತಿತ್ತು.

ಹಾಡು ಬಿಡುಗಡೆಯಾದ ಮೂರನೇ ವಾರಕ್ಕೆ ಎಲ್ಲೆಲ್ಲೂ ಅದೇ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಗುಂಡಿ ಹಚ್ಚುವ ಹೆಂಗಸರ ಬಾಯಲ್ಲಿ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಪ್ಪ. ಫೋನಿನಲ್ಲಿ ಹಾಡು ಹಾಕಿಕೊಂಡು ಮೀಟರ್ ಓದಲು ಹೋದ ಮನೆಯವರಿಗೆಲ್ಲ ಕೇಳಿಸಿದ. “ಡ್ರಮ್ಮು ನಮ್ಮ ಹುಡುಗಂದು. ಆ ಗಂಟೆ ಥರದ್ದು ಬರುತ್ತಲ್ಲ, ಅದು ನಮ್ಮ ಮಗಳು!” ಸಂಜೆ ಊಟದ ಮೇಜಿನ ಮೇಲೆ ಬೆರಳಿನಿಂದ ಆ ತಾಳ ಹಾಕುತ್ತಿದ್ದ. ಧಪ್, ಸರ್, ಝಣ್.

“ರೀ, ತಟ್ಟೆ ಬೀಳತ್ತೆ” ಎನ್ನುತ್ತಿದ್ದಳು ಅಮ್ಮ. ಅವಳು ಹಾಡನ್ನು ಒಮ್ಮೆಯೂ ಹೊಗಳಲಿಲ್ಲ.

ಇವಳು ಆ ಬೆರಳುಗಳನ್ನೇ ನೋಡುತ್ತ ಕೂರುತ್ತಿದ್ದಳು. ತನ್ನ ಹೆಜ್ಜೆಯನ್ನೇ ಅಪ್ಪ ಬೆರಳಿನಿಂದ ಕುಟ್ಟುತ್ತಿದ್ದಾನೆ, ಅವನಿಗೇ ಗೊತ್ತಿಲ್ಲ. ಅಣ್ಣನ ಕಡೆ ನೋಡಿದರೆ ಅಣ್ಣ ಅನ್ನ ಕಲಸುತ್ತಲೇ ಇರುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಬದುಕಿಬಿಡಬಹುದಿತ್ತು. ಆದರೆ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಕೊಕ್ಕರೆ ವೇದಿಕೆಯ ಮೇಲೆ ಹೆಜ್ಜೆ ಹಾಕಿದ. ಎಡಗಾಲು ಕುಟ್ಟಿ, ಬಲಗಾಲು ಎಳೆದು, ಸೊಂಟ ಒಂದು ಕಡೆ ಓಲಿಸಿ. ಅಪ್ಪನನ್ನು ಅಣಕಿಸಬೇಕೆಂದಲ್ಲ. ಅವನು ಅಪ್ಪನನ್ನು ನೋಡಿದ್ದು ಒಂದೋ ಎರಡೋ ಸಲ, ಅದೂ ಕುರ್ಚಿಯಲ್ಲಿ ಕೂತಿದ್ದಾಗ. “ನಾನೇನೂ ಮಾಡ್ಲಿಲ್ಲ ಮಾರಾಯ್ತಿ, ತಾಳ ಕೇಳಿದ್ರೆ ಕಾಲು ತಾನಾಗೇ ಹಾಗೆ ಹೋಗುತ್ತೆ” ಎಂದ. ಸುಳ್ಳಲ್ಲ. ಆ ತಾಳಕ್ಕೆ ಬೇರೆ ಹೆಜ್ಜೆ ಹೊಂದುವುದೇ ಇಲ್ಲ. ಅದನ್ನು ಯಾರೋ ಫೋನಿನಲ್ಲಿ ಹಿಡಿದರು, ಹತ್ತು ದಿನದಲ್ಲಿ ಊರಿನ ಮಕ್ಕಳೆಲ್ಲ ಎಡಗಾಲು ಕುಟ್ಟಿ ಬಲಗಾಲು ಎಳೆಯತೊಡಗಿದರು.

ಅಪ್ಪನಿಗೆ ಹೇಗೆ ತಿಳಿಯಿತೆಂಬುದು ಇವಳಿಗೆ ಅಂಗಡಿಯಲ್ಲಿ ಗೊತ್ತಾಯಿತು. ಕಾಜ ಹೊಲಿಯುವ ಹೆಂಗಸೊಬ್ಬಳು ನಗುತ್ತ ಹೇಳಿದಳು. ಅವರ ಕಟ್ಟಡಕ್ಕೆ ಮೀಟರಿನವರು ಬಂದಿದ್ದರಂತೆ. ಮಕ್ಕಳು ಸಾಲಾಗಿ ಅವರ ಹಿಂದೆ ಆ ಹಾಡು ಹೇಳುತ್ತ, ಆ ಹೆಜ್ಜೆ ಹಾಕುತ್ತ ನಾಲ್ಕು ಮಹಡಿ ಹತ್ತಿದವಂತೆ. ಮೊದಲು ಅವರೂ ನಕ್ಕು, “ಹಾಡು ನಮ್ಮ ಹುಡುಗಂದೇ ಕಣ್ರೋ” ಎಂದರಂತೆ. ಅಷ್ಟರಲ್ಲಿ ಒಬ್ಬ ತಾಯಿ ಓಡಿಬಂದು ಮಗನ ಕಿವಿ ಹಿಂಡಿ, “ಅಂಥವರ ಹಿಂದೆ ಹಾಗೆಲ್ಲ ಮಾಡಬಾರದು ಅಂತ ಎಷ್ಟು ಸಲ ಹೇಳ್ಬೇಕು?” ಎಂದು ಬೈದಳಂತೆ.

“ಪಾಪ, ಆ ಮನುಷ್ಯ ಸುಮ್ನೆ ನಿಂತ್ಬಿಟ್ರು” ಎಂದಳು ಆ ಹೆಂಗಸು. “ಆಮೇಲೆ ಕೆಳಗೆ ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡ್ರು. ನಿಂಗೊತ್ತಾ ಅವರು?”

ಇವಳು ದಾರ ಕಡಿದಳು. “ಇಲ್ಲ” ಎಂದಳು.

ಸೂಜಿ ಬೆರಳಿಗೆ ನಾಟಿದ್ದೂ ಗೊತ್ತಾಗಲಿಲ್ಲ. ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕೆ ಬಿದ್ದಾಗ ಗೊತ್ತಾಯಿತು.

ಸಂಜೆ ಮನೆಗೆ ಬಂದು ಮೈಯೆಲ್ಲ ಕಿವಿಯಾಗಿ ಕೂತಳು. ಐದೂವರೆಗೆ ಬರಬೇಕು. ಆರಾಯಿತು. ಮೆಟ್ಟಿಲ ಮೇಲೆ ಸದ್ದಿಲ್ಲ. ಆರೂಕಾಲಿಗೆ ಬಾಗಿಲು ತೆರೆಯಿತು. ಅಪ್ಪ ನಿಂತಿದ್ದ, ಅಂಗಿಯ ಬೆನ್ನು ಒದ್ದೆಯಾಗಿತ್ತು. ಬೀಗದ ಕೈಗಳು ಸೊಂಟದಲ್ಲಿರಲಿಲ್ಲ, ಮುಷ್ಟಿಯಲ್ಲಿದ್ದವು.

ಮರುದಿನ ಇವಳು ಕಟಾಂಜನದ ಸಂದಿನಿಂದ ಬಗ್ಗಿ ನೋಡಿದಳು. ಅಪ್ಪ ಒಂದು ಮೆಟ್ಟಿಲಿಗೆ ಎರಡೂ ಕಾಲನ್ನು ತಂದು ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಮುಂದಿನ ಮೆಟ್ಟಿಲು ಹತ್ತುತ್ತಿದ್ದ. ಆಗತಾನೇ ನಡೆಯಲು ಕಲಿತ ಮಗುವಿನ ಹಾಗೆ. ಯಾರಾದರೂ ಇಳಿದು ಬಂದರೆ ಗೋಡೆಗೆ ಒರಗಿ, ಫೋನು ನೋಡುವವನಂತೆ ನಿಲ್ಲುತ್ತಿದ್ದ. ಮೂರು ಮಹಡಿಗೆ ಇಪ್ಪತ್ತು ನಿಮಿಷ. ಹೀಗೆ ಹತ್ತಿದರೆ ಅವನ ಸರದಿಯ ಕಟ್ಟಡಗಳು ಕತ್ತಲಾದರೂ ಮುಗಿಯಲಾರವು. ಮುಗಿಯಲೂ ಇಲ್ಲ. ವಾರದೊಳಗೆ ಮೇಲಧಿಕಾರಿ ಕರೆದು ಕೇಳಿದನಂತೆ. ಅಪ್ಪ ಮೊಣಕಾಲು ನೋವು ಎಂದನಂತೆ. ಹಾಗಾದರೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ ನೋಡೋಣ ಎಂದನಂತೆ ಮೇಲಧಿಕಾರಿ.

“ಒಳ್ಳೇದಾಯ್ತು ಬಿಡಿ. ಕೂತು ಮಾಡೋ ಕೆಲಸ” ಎಂದಳು ಅಮ್ಮ.

“ಹೂಂ” ಎಂದ ಅಪ್ಪ. ಇಪ್ಪತ್ತೆರಡು ವರ್ಷ ಬೀದಿ ಬೀದಿ ತಿರುಗಿ, ಯಾರ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾರ ಮನೆಯ ಅಜ್ಜಿ ನೀರು ಕೊಡದೆ ಬಿಡುವುದಿಲ್ಲ ಎಂದೆಲ್ಲ ಊಟದ ಹೊತ್ತಿಗೆ ಹೇಳಿ ನಗಿಸುತ್ತಿದ್ದವನು ಅಷ್ಟೇ ಹೇಳಿದ.

ಶನಿವಾರ ಬೆಳಿಗ್ಗೆ ಇವಳು ಬೂಟು ಎತ್ತಿಕೊಂಡಾಗ ಅಪ್ಪ ಕನ್ನಡಿಯ ಮುಂದಿನಿಂದ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಹಾಗೆ ಕೂತದ್ದು ಅದೇ ಮೊದಲು.

“ಅಪ್ಪಾ,” ಎಂದಳು ಇವಳು. “ಆ ತಾಳ ಕೊಟ್ಟದ್ದು ನಾನು. ಅಣ್ಣ ಅಲ್ಲ.”

“ಗೊತ್ತಾಯ್ತು.”

“ಅದು ನೀನು ಮೆಟ್ಟಿಲು ಹತ್ತೋ...”

“ಅದೂ ಗೊತ್ತಾಯ್ತು.” ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ ಎನ್ನಿಸಿತು. “ನಿಂಗೆ ಯಾವಾಗಿಂದ ಕೇಳಿಸ್ತಿತ್ತು?”

“ಚಿಕ್ಕಂದಿನಿಂದ.”

“ಅಣ್ಣನಿಗೂ?”

ಇವಳು ಹೌದೆಂದು ತಲೆಯಾಡಿಸಿದಳು.

ಅಪ್ಪ ಬಲಗಾಲಿನ ಬೂಟನ್ನು ಇವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. “ಇದನ್ನ ಮೊದಲನೇ ಸಲ ಹಾಕಿಕೊಂಡಾಗ ಆ ಅಂಗಡಿಯವನು, ‘ಇನ್ಮೇಲೆ ದೇವರಾಣೆಗೂ ಯಾರಿಗೂ ಗೊತ್ತಾಗಲ್ಲ ನಡೀರಿ’ ಅಂದ. ನಾನು ಅಂಗಡಿ ತುಂಬ ಓಡಾಡಿ ತೋರಿಸಿದೆ. ನಿಮ್ಮಮ್ಮ ನೋಡಿ, ಹೌದು, ಗೊತ್ತೇ ಆಗಲ್ಲ ಅಂದ್ಲು.” ಇಣುಕುತ್ತಿದ್ದ ಕಂದು ಪದರದ ಮೇಲೆ ಹೆಬ್ಬೆರಳು ಎಳೆದ. “ನಾನು ನಂಬಿಬಿಟ್ಟಿದ್ದೆ ಕಣೇ. ಅಷ್ಟು ವರ್ಷ.”

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಅಮ್ಮ ಹೊರಗೆ ಬರಲಿಲ್ಲ.

“ಹಾಡು ಚೆನ್ನಾಗಿದೆ” ಎಂದ ಅಪ್ಪ. “ಸುಳ್ಳು ಹೇಳಲ್ಲ, ನಂಗೂ ಇಷ್ಟವಾಗಿತ್ತು.” ಬೂಟು ಹಾಕಿಕೊಂಡು, ಬಣ್ಣ ಬಳಿಸಿಕೊಳ್ಳದೆಯೇ ಎದ್ದು ಹೋದ. ಮೆಟ್ಟಿಲಿಳಿಯುವ ಸದ್ದು ಕೇಳಲಿಲ್ಲ. ತುಂಬಾ ಹೊತ್ತಾದ ಮೇಲೆ ಕೆಳಗಿನ ಗೇಟು ಕಿರುಗುಟ್ಟಿತು.

ಇವಳು ಅಂಗಡಿಗೆ ಹೋಗಲಿಲ್ಲ. ನೇರವಾಗಿ ಬ್ಯಾಂಡಿನವರು ಅಭ್ಯಾಸ ಮಾಡುವ ನೆಲಮಾಳಿಗೆಗೆ ಹೋದಳು. ಮರುದಿನ ಸಂಜೆ ದೊಡ್ಡ ಕ್ರೀಡಾಂಗಣದಲ್ಲಿ ಅವರ ಕಾರ್ಯಕ್ರಮ. ಭಿತ್ತಿಪತ್ರದಲ್ಲಿ ಬ್ಯಾಂಡಿನ ಹೆಸರಿಗಿಂತ ಆ ಹಾಡಿನ ಹೆಸರೇ ದೊಡ್ಡದಾಗಿತ್ತು. ಎಲ್ಲರೂ ಸಾಮಾನು ಕಟ್ಟುತ್ತಿದ್ದರು.

“ಬಂದ್ಲಪ್ಪಾ ನಮ್ಮ ಅದೃಷ್ಟದೇವತೆ!” ಕೊಕ್ಕರೆ ಕೈಯೆರಡನ್ನೂ ಚಾಚಿದ. “ಫ್ಲಾಸ್ಕ್ ಎಲ್ಲಿ? ನಾಳೆ ನೀನೂ ವೇದಿಕೆಗೆ ಬರ್ತೀಯ, ಗೊತ್ತಾಯ್ತಾ? ಒಂದು ಕೈಗೆ ಕಬ್ಬಿಣದ ಸರಳು, ಇನ್ನೊಂದು ಕೈಗೆ ಬೀಗದ ಕೈ. ಇಪ್ಪತ್ತು ಸಾವಿರ ಜನ ಒಟ್ಟಿಗೇ ಹೆಜ್ಜೆ ಹಾಕ್ತಾರೆ ನೋಡು.”

“ಇವಳನ್ನ ವೇದಿಕೆ ಮೇಲೆ ಎಲ್ಲಿ ಹುಡುಕ್ತೀಯೋ, ಡ್ರಮ್ಮಿನೊಳಗೆ ನುಗ್ಗಿಬಿಡ್ತಾಳೆ” ಎಂದ ಗುಂಡ.

ಇವಳು ನಗಲಿಲ್ಲ. ಬಾಗಿಲ ಹತ್ತಿರ ನಿಂತೇ ಎಲ್ಲ ಹೇಳಿದಳು. ಮೆಟ್ಟಿಲು, ಬೂಟು, ಮಕ್ಕಳ ಸಾಲು, ಮೂರು ಮಹಡಿಗೆ ಇಪ್ಪತ್ತು ನಿಮಿಷ. ಕಾಜ ಹೊಲಿಯುವವಳ ಎದುರು ‘ಇಲ್ಲ’ ಎಂದದ್ದನ್ನೂ ಬಿಡಲಿಲ್ಲ. ಇಷ್ಟು ಉದ್ದ ಇವಳು ಜನ್ಮದಲ್ಲಿ ಮಾತಾಡಿದ್ದಿಲ್ಲ. ನಡುವೆ ಎರಡು ಸಲ ದನಿ ಒಡೆಯಿತು, ನಿಲ್ಲಿಸದೆ ಮುಂದುವರಿಸಿದಳು. ಕೊಕ್ಕರೆಯ ಚಾಚಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಗುಂಡ ತನ್ನ ಕಾಲುಗಳನ್ನು ಕುರ್ಚಿಯ ಕೆಳಗೆ ಸರಿಸಿಕೊಂಡ. ಗಿಟಾರಿನವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ. ಅಣ್ಣ ಗೋಡೆಯ ಕಡೆ ಮುಖ ಮಾಡಿ ತಂತಿ ಸುತ್ತುತ್ತಿದ್ದ, ಮೊಣಕೈಗೂ ಅಂಗೈಗೂ, ಮೊಣಕೈಗೂ ಅಂಗೈಗೂ. ತಂತಿ ಮುಗಿದಿತ್ತು. ಅವನು ಅದನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಲು ಹಿಡಿದ.

ಹೊರಗೆ ಸಾಮಾನು ಒಯ್ಯಲು ಬಂದ ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು.

“ಅಣ್ಣಾ,” ಎಂದಳು ಇವಳು, “ನಾಳೆ ಆ ಹಾಡೊಂದು ನುಡಿಸ್ಬೇಡ.”